ಸೀಟಿ ಊದುವವರ ದಣಿವಿಗೆ ಲೆಕ್ಕವೆಲ್ಲಿ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಆಟಗಾರರ ಅಭ್ಯಾಸದ ಗಂಟೆಗೂ ಮಿತಿಯಿದೆ. ವಾರಕ್ಕೆ ಐದು ಊರು ಸುತ್ತಿ ಐದು ಪಂದ್ಯ ನಡೆಸುವ ರೆಫರಿಗೆ ಮಾತ್ರ ಅಂಥದ್ದೇನೂ ಇಲ್ಲ. ಮಿತಿ ಬೇಕೆಂಬ ಕೂಗು ಆಗಾಗ ಏಳುತ್ತದೆ. ಮಿತಿ ಹಾಕಿದರೆ ಖಾಲಿ ಉಳಿಯುವ ದಿನದ ದುಡ್ಡು ಯಾರು ಕೊಡಬೇಕೆಂಬ ಪ್ರಶ್ನೆಗೆ ಬಂದಾಗ ಆ ಕೂಗು ತಣ್ಣಗಾಗುತ್ತದೆ.

ಅಮೆರಿಕದ ಕಾಲೇಜು ಕ್ರೀಡೆಗಳ ಯಜಮಾನ ಸಂಸ್ಥೆ ಎನ್‌ಸಿಎಎ, ಅಂದರೆ ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್, ಲೆಕ್ಕಾಚಾರದಲ್ಲಿ ಬಲು ಬಿಗಿ. ಋತು ನಡೆಯುತ್ತಿರುವಾಗ ಆಟಗಾರ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರಿ ಅಭ್ಯಾಸ ಮಾಡುವಂತಿಲ್ಲ. ವಾರದಲ್ಲಿ ಒಂದು ದಿನ ಕಡ್ಡಾಯ ರಜೆ. 1991ರಿಂದ ಇರುವ ನಿಯಮವಿದು. ತಂಡವೊಂದು ಋತುವಿಗೆ ಎಷ್ಟು ಪಂದ್ಯ ಆಡಬಹುದು ಎಂಬುದಕ್ಕೂ ಗೆರೆ ಎಳೆದಿದ್ದಾರೆ. ಮಾರ್ಚ್‌ನ ಟೂರ್ನಿಗಳನ್ನು ಬಿಟ್ಟರೆ ಅದು 30ರ ಆಸುಪಾಸು. ಹೈಸ್ಕೂಲು ಹುಡುಗನಿಗೆ ಕೋಚ್ ಯಾವಾಗಿನಿಂದ ಫೋನು ಮಾಡಬಹುದು ಎಂಬುದಕ್ಕೂ ಕಟ್ಟಳೆ ಉಂಟು.

ಅದೇ 94 ಅಡಿಯ ಮರದ ಅಂಕಣದಲ್ಲಿ ಆಟಗಾರರ ಜೊತೆಗೇ ಆ ತುದಿಯಿಂದ ಈ ತುದಿಗೆ ಓಡುವ ಮೂವರು ರೆಫರಿಗಳಿಗೆ ಇಂಥ ಯಾವ ರಾಷ್ಟ್ರೀಯ ಮಿತಿಯೂ ಇಲ್ಲ. ಆಟಗಾರನ ವಯಸ್ಸು ಇಪ್ಪತ್ತರ ಸುತ್ತ. ಅವನಿಗೆ ಸೀಟಿ ಊದುವ ಮುಂಚೂಣಿಯ ರೆಫರಿಗಳಲ್ಲಿ ಹಲವರು ಐವತ್ತು ದಾಟಿದವರು. ಬೇಡಿಕೆಯಲ್ಲಿರುವ ರೆಫರಿ ನವೆಂಬರ್ ಮೊದಲ ವಾರದಿಂದ ಮಾರ್ಚ್ ನಡುವಿನ ತನಕ, ಸುಮಾರು 130 ದಿನಗಳಲ್ಲಿ, 80-90 ಪಂದ್ಯ ಮುಗಿಸುವುದು ಹೊಸ ಸಂಗತಿಯೇನಲ್ಲ. ಮೂರು ದಿನಕ್ಕೆ ಎರಡು ಪಂದ್ಯ ಎಂದಾಯಿತು. ಹಿಂದೆ ಇದು ಒಳಗಿನವರಿಗಷ್ಟೇ ತಿಳಿದ ವಿಷಯವಾಗಿತ್ತು. ಈಗ ಕೆನ್ ಪೊಮೆರಾಯ್ ನಡೆಸುವ ಅಂಕಿಅಂಶಗಳ ಜಾಲತಾಣ ತೆರೆದರೆ ಯಾವ ರೆಫರಿ ಎಷ್ಟು ಪಂದ್ಯ ನಡೆಸಿದ್ದಾನೆ, ನಿನ್ನೆ ರಾತ್ರಿ ಎಲ್ಲಿದ್ದ ಎಂಬುದೆಲ್ಲ ಕಾಣುತ್ತದೆ. ಸೋತ ತಂಡದ ಅಭಿಮಾನಿಗಳು ಮೊದಲು ತಡಕುವುದೇ ಅದನ್ನು.

ಜನವರಿಯ ಒಂದು ವಾರ

ಇಂಥ ವಾರ ಹೇಗಿರುತ್ತದೆಂದು ಊಹಿಸಿಕೊಳ್ಳೋಣ. ಸೋಮವಾರ ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲಿ ಪಂದ್ಯ. ಟಿ.ವಿ. ವಾಹಿನಿಗೆ ಅನುಕೂಲವಾಗುವಂತೆ ರಾತ್ರಿ ಎಂಟಕ್ಕೆ ಶುರುವಾದದ್ದು ಹತ್ತು ದಾಟಿದ ಮೇಲೆ ಮುಗಿಯುತ್ತದೆ. ಸ್ನಾನ, ವರದಿ, ಬಾಡಿಗೆ ಕಾರು, ಕ್ಯಾನ್ಸಸ್ ಸಿಟಿ ವಿಮಾನ ನಿಲ್ದಾಣದ ಬಳಿಯ ಹೋಟೆಲು. ಹಾಸಿಗೆ ಸೇರುವಷ್ಟರಲ್ಲಿ ಮಧ್ಯರಾತ್ರಿ. ಮಂಗಳವಾರ ಒಮಾಹಾ, ಬುಧವಾರ ವಿಸ್ಕಾನ್ಸಿನ್‌ನ ಮ್ಯಾಡಿಸನ್. ಗುರುವಾರ ಬೆಳಗಿನ ಆರರ ವಿಮಾನ ಹಿಡಿದು, ನಡುವೆ ಒಂದೆಡೆ ವಿಮಾನ ಬದಲಿಸಿ, ಎರಡು ತಾಸು ಹಿಂದಿರುವ ಪಶ್ಚಿಮದ ಗಡಿಯಾರಕ್ಕೆ ಹೊಂದಿಕೊಂಡು ಸ್ಪೊಕೇನ್‌ನಲ್ಲಿ ಸಂಜೆಯ ಪಂದ್ಯ. ಶನಿವಾರ ಲಾಸ್ ಏಂಜಲೀಸ್. ಷಿಕಾಗೊದಲ್ಲಿ ಹಿಮ ಸುರಿದು ವಿಮಾನ ನಿಂತರೆ ರಾತ್ರಿಯಿಡೀ ಕಾರಿನಲ್ಲೇ.

ಪ್ರತಿ ಪಂದ್ಯಕ್ಕೂ ಒಂದೂವರೆ-ಎರಡು ತಾಸು ಮೊದಲೇ ಕ್ರೀಡಾಂಗಣದಲ್ಲಿರಬೇಕು. ಆ ದಿನದ ಸಂಗಡಿಗರಿಬ್ಬರು ಹೆಚ್ಚಾಗಿ ನಿನ್ನೆ ಇದ್ದವರಲ್ಲ. ಅವರೊಡನೆ ಕೂತು ಮಾತಾಡಿ ಹೊಂದಿಕೊಳ್ಳಬೇಕು. ಮಾರನೆಯ ದಿನ ವಿಮಾನದಲ್ಲಿ ಕೂತು ಹಿಂದಿನ ರಾತ್ರಿಯ ವಿಡಿಯೊ ನೋಡಬೇಕು, ತಪ್ಪಿದ ತೀರ್ಪುಗಳ ಬಗ್ಗೆ ಮೇಲಿನವರಿಗೆ ಉತ್ತರಿಸಬೇಕು. ಇದು ಸಾಲದೆಂಬಂತೆ 2024ರಲ್ಲಿ ಕಾಲೇಜುಗಳ ಒಕ್ಕೂಟಗಳು ದೇಶದ ನಕ್ಷೆಯನ್ನೇ ಮಡಚಿಟ್ಟವು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಈಗ ನ್ಯೂಜೆರ್ಸಿಯ ರಟ್ಗರ್ಸ್ ಇರುವ ಬಿಗ್ ಟೆನ್‌ನಲ್ಲಿದೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ಕರಾವಳಿಯ ಹೆಸರು ಹೊತ್ತ ಎಸಿಸಿಯಲ್ಲಿದೆ. ತಂಡಗಳಿಗೆ ಇದು ವರ್ಷಕ್ಕೆ ಕೆಲವು ದೂರದ ಪಯಣ. ಹಲವು ಒಕ್ಕೂಟಗಳಿಗೆ ದುಡಿಯುವ ರೆಫರಿಗೆ ವಾರವಾರದ ಪಾಡು.

ದಣಿದ ಕಾಲು, ತಪ್ಪಿದ ಕೋನ

ದಣಿವು ತೀರ್ಪನ್ನು ಕೆಡಿಸುತ್ತದೆ ಎಂದು ಹೇಳಿಬಿಡುವುದು ಸುಲಭ. ಅಂಕಣದಲ್ಲಿ ಅದು ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

1891ರಲ್ಲಿ ಜೇಮ್ಸ್ ನೈಸ್ಮಿತ್ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 13 ನಿಯಮ ಬರೆದು ಈ ಆಟವನ್ನು ಕಟ್ಟಿದಾಗಲೇ ಕೆಲಸವನ್ನು ಇಬ್ಬರಿಗೆ ಹಂಚಿದ್ದ. ಅಂಪೈರ್ ಆಟಗಾರರ ಮೇಲೆ ಕಣ್ಣಿಡಬೇಕು, ರೆಫರಿ ಚೆಂಡಿನ ಮೇಲೆ. ಒಂದು ಜೊತೆ ಕಣ್ಣಿಗೆ ಎರಡೂ ಸಿಗವು ಎಂಬುದು ಅವನಿಗೆ ಆಗಲೇ ಹೊಳೆದಿತ್ತು. ಇಂದು ಮೂವರಿದ್ದಾರೆ. ಒಬ್ಬ ಬುಟ್ಟಿಯ ಹಿಂದಿನ ಗೆರೆಯ ಬಳಿ, ಇನ್ನೊಬ್ಬ ಅಂಕಣದ ನಡುಗೆರೆಯ ಕಡೆಗೆ ಹಿಂದೆ, ಮತ್ತೊಬ್ಬ ಎದುರು ಬದಿಯಲ್ಲಿ. ಚೆಂಡು ಎಡದಿಂದ ಬಲಕ್ಕೆ ದಾಟಿದರೆ ಬುಟ್ಟಿಯ ಹಿಂದೆ ನಿಂತವನು ಗೆರೆಯುದ್ದಕ್ಕೂ ಓಡಿ ಆ ಬದಿ ಸೇರಬೇಕು. ಉಳಿದಿಬ್ಬರು ಅದಕ್ಕೆ ತಕ್ಕಂತೆ ಜಾಗ ಬದಲಿಸಬೇಕು. ಒಂದು ಪಂದ್ಯದಲ್ಲಿ ಇದು ಲೆಕ್ಕವಿಲ್ಲದಷ್ಟು ಸಲ ನಡೆಯುತ್ತದೆ. ನೋಡುಗನ ಕಣ್ಣಿಗೆ ಬೀಳುವುದೇ ಇಲ್ಲ.

ಕಾಲು ಸೋತ ರೆಫರಿ ಬಿಟ್ಟುಬಿಡುವುದು ಈ ಓಟವನ್ನೇ. ಎರಡನೇ ಅವಧಿಯ ಹದಿನೈದನೇ ನಿಮಿಷ. ಚೆಂಡು ಆ ಬದಿಗೆ ಹೋಗಿದೆ. 'ಹೇಗೂ ಮತ್ತೆ ಈ ಕಡೆಗೇ ಬರುತ್ತದೆ' ಎಂದುಕೊಂಡು ಆತ ನಿಂತಲ್ಲೇ ನಿಲ್ಲುತ್ತಾನೆ. ಚೆಂಡು ಬರುವುದಿಲ್ಲ. ಆಟಗಾರ ಅಲ್ಲಿಂದಲೇ ಬುಟ್ಟಿಗೆ ನುಗ್ಗುತ್ತಾನೆ, ಎದುರಾಳಿ ಅಡ್ಡ ನಿಲ್ಲುತ್ತಾನೆ, ಇಬ್ಬರೂ ನೆಲಕ್ಕೆ ಬೀಳುತ್ತಾರೆ. ರೆಫರಿಗೆ ಕಂಡದ್ದು ಒಬ್ಬನ ಬೆನ್ನು ಮಾತ್ರ. ಇಬ್ಬರ ನಡುವಿನ ಸಂದು ಕಂಡರೆ ತಾನೇ ಯಾರು ಯಾರಿಗೆ ಗುದ್ದಿದರು ಎಂದು ಹೇಳಲಾಗುವುದು? ಅಡ್ಡ ನಿಂತವನ ತಪ್ಪೋ, ನುಗ್ಗಿದವನ ತಪ್ಪೋ ಎಂಬುದು ಬಾಸ್ಕೆಟ್‌ಬಾಲ್‌ನ ಅತಿ ಕಠಿಣ ತೀರ್ಪು. 2023-24ರಿಂದ ನಿಯಮ ಇನ್ನೂ ಸೂಕ್ಷ್ಮವಾಗಿದೆ: ನುಗ್ಗುವವನು ಮೇಲಕ್ಕೆ ಜಿಗಿಯಲು ಕಾಲೂರುವ ಗಳಿಗೆಗೆ ಮೊದಲೇ ರಕ್ಷಕ ತನ್ನ ಜಾಗದಲ್ಲಿ ನಿಂತಿರಬೇಕು. ರೆಫರಿ ಏಕಕಾಲಕ್ಕೆ ಒಬ್ಬನ ಪಾದವನ್ನೂ ಇನ್ನೊಬ್ಬನ ಎದೆಯನ್ನೂ ನೋಡಬೇಕು. ನಿಂತ ಜಾಗ ಎರಡು ಹೆಜ್ಜೆ ತಪ್ಪಿದ್ದರೂ ಆತ ಊದುವ ಸೀಟಿ ಅಂದಾಜಿನದು.

ಟಿ.ವಿ. ಮರುವೀಕ್ಷಣೆ ಇದೆಯಲ್ಲ ಎನ್ನಬಹುದು. ಚೆಂಡು ಯಾರ ಕೈತಾಗಿ ಹೊರಹೋಯಿತು, ರಕ್ಷಕನ ಕಾಲು ಬುಟ್ಟಿಯ ಕೆಳಗಿನ ಅರೆವೃತ್ತದೊಳಗೆ ಇತ್ತೇ ಎಂಬಂಥವನ್ನು ಪರದೆಯಲ್ಲಿ ನೋಡಬಹುದು. ಯಾರದು ತಪ್ಪು ಎಂಬ ಸಾಮಾನ್ಯ ಫೌಲಿನ ನಿರ್ಧಾರಕ್ಕೆ ಆ ಸೌಲಭ್ಯವಿಲ್ಲ. ಅದು ಆ ಕ್ಷಣದ ಕಣ್ಣಿಗೇ ಬಿಟ್ಟದ್ದು.

ಆ ಕಣ್ಣಿನ ಹಿಂದಿರುವ ಮನಸ್ಸಿನ ಮೇಲೂ ಒತ್ತಡವಿದೆ. ಕೈಲ್ ಆಂಡರ್ಸನ್ ಮತ್ತು ಡೇವಿಡ್ ಪಿಯರ್ಸ್ ಎಂಬ ಸಂಶೋಧಕರು 2004-05ರ ಋತುವಿನ 365 ಕಾಲೇಜು ಪಂದ್ಯಗಳನ್ನು ಜಾಲಾಡಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊರಗಿನಿಂದ ಬಂದ ತಂಡದ ಮೇಲೆ ಫೌಲ್ ಹೆಚ್ಚು ಬೀಳುತ್ತದೆ. ಅಲ್ಲಿಯವರೆಗೆ ಯಾರ ಲೆಕ್ಕದಲ್ಲಿ ಫೌಲ್ ಕಡಿಮೆಯಿದೆಯೋ ಮುಂದಿನದು ಅವರ ಮೇಲೆ ಬೀಳುವ ಸಂಭವ ಹೆಚ್ಚು ಎಂಬುದು ಅವರು ಕಂಡದ್ದು. ರೆಫರಿಗಳಿಗೆ ಗೊತ್ತಿಲ್ಲದೆಯೇ ಲೆಕ್ಕ ಸಮ ಮಾಡುವ ಚಪಲ ಕೆಲಸ ಮಾಡುತ್ತಿರುತ್ತದೆ. ದಣಿವಿಗೂ ಇದಕ್ಕೂ ಗಂಟು ಹಾಕಿದ ಅಧ್ಯಯನವಲ್ಲ ಅದು. ಆದರೂ ಹದಿನೈದು ಸಾವಿರ ಜನ ಕಿರುಚುವ ಸಭಾಂಗಣದಲ್ಲಿ ಈ ಚಪಲವನ್ನು ಮೆಟ್ಟಿ ನಿಲ್ಲಲು ಎಚ್ಚರ ಬೇಕು. ನಾಲ್ಕು ರಾತ್ರಿ ಅರೆನಿದ್ದೆಯಲ್ಲಿ ಕಳೆದವನಲ್ಲಿ ಮೊದಲು ಖರ್ಚಾಗುವುದೇ ಆ ಎಚ್ಚರ.

ಯಜಮಾನ ಯಾರು?

ಹಾಗಾದರೆ ಎನ್‌ಸಿಎಎ ಒಂದು ಆದೇಶ ಹೊರಡಿಸಿ ಋತುವಿಗೆ 60 ಪಂದ್ಯ ಸಾಕು ಎನ್ನಬಾರದೇಕೆ? ಗೋಜಲು ಇರುವುದು ಇಲ್ಲೇ. ಚಳಿಗಾಲದುದ್ದಕ್ಕೂ ರೆಫರಿಗೆ ಕೆಲಸ ಕೊಡುವುದು ಎನ್‌ಸಿಎಎ ಅಲ್ಲ. ಬಿಗ್ ಟೆನ್, ಎಸಿಸಿ, ಬಿಗ್ ಈಸ್ಟ್ ಮುಂತಾದ 30ಕ್ಕೂ ಹೆಚ್ಚು ಒಕ್ಕೂಟಗಳು ತಮ್ಮತಮ್ಮ ಸಂಯೋಜಕರ ಮೂಲಕ ಪಂದ್ಯ ಹಂಚುತ್ತವೆ. ಎನ್‌ಸಿಎಎಯಲ್ಲಿ ರಾಷ್ಟ್ರೀಯ ಸಂಯೋಜಕರೊಬ್ಬರು ಇರುವುದು ನಿಜ. 1986ರಲ್ಲಿ ಹ್ಯಾಂಕ್ ನಿಕೋಲ್ಸ್ ಮೊದಲು ಆ ಕುರ್ಚಿಯಲ್ಲಿ ಕೂತರು. ಆಮೇಲೆ ಜಾನ್ ಆಡಮ್ಸ್, ಜೆ.ಡಿ. ಕಾಲಿನ್ಸ್ ಬಂದರು. ಅವರ ಹಿಡಿತ ನಿಯಮಗಳ ಅರ್ಥವಿವರಣೆ, ತರಬೇತಿ ಮತ್ತು 68 ತಂಡಗಳ ಮಾರ್ಚ್ ಟೂರ್ನಿಗೆ ರೆಫರಿಗಳ ಆಯ್ಕೆಯ ಮಟ್ಟಿಗೆ. ಜನವರಿಯ ಮಂಗಳವಾರದ ಮೇಲೆ ಅವರಿಗೆ ಅಧಿಕಾರವಿಲ್ಲ.

ರೆಫರಿ ಯಾರ ನೌಕರನೂ ಅಲ್ಲ. ಪಂದ್ಯಕ್ಕಿಷ್ಟು ಎಂದು ಪಡೆಯುವ ಸ್ವತಂತ್ರ ಗುತ್ತಿಗೆದಾರ. ದೊಡ್ಡ ಒಕ್ಕೂಟದ ಪಂದ್ಯಕ್ಕೆ ಸಾವಿರಗಟ್ಟಲೆ ಡಾಲರ್ ಸಿಗುತ್ತದೆ, ಸಣ್ಣದರಲ್ಲಿ ಅದರ ಒಂದು ಪಾಲು. ಪಿಂಚಣಿ ಇಲ್ಲ, ಸಂಬಳಸಹಿತ ರಜೆ ಇಲ್ಲ. ಮೊಣಕಾಲಿನ ಸ್ನಾಯು ಹರಿದರೆ ಆ ಋತುವಿನ ಗಳಿಕೆ ಅಲ್ಲಿಗೆ ಮುಗಿಯಿತು. ಇದನ್ನು ಬದಲಿಸುವ ಯತ್ನವೂ ನಡೆದಿದೆ. ಬಿಗ್ ಈಸ್ಟ್‌ನ ರೆಫರಿಗಳ ಸಂಘ 1980ರ ದಶಕದಲ್ಲಿ ಕಾರ್ಮಿಕ ಸಂಘದ ಮಾನ್ಯತೆ ಕೇಳಿತು. ಇವರು ನೌಕರರಲ್ಲ, ಗುತ್ತಿಗೆದಾರರು ಎಂದು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಹೇಳಿತು. 1987ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2019ರಲ್ಲಿ ಪೆನ್ಸಿಲ್ವೇನಿಯಾದ ಶಾಲಾ ಲ್ಯಾಕ್ರೋಸ್ ರೆಫರಿಗಳ ಪ್ರಕರಣದಲ್ಲೂ ಬಂದದ್ದು ಇಂಥದೇ ತೀರ್ಪು.

ಗುತ್ತಿಗೆದಾರ ಎಷ್ಟು ಕಡೆ ಕೆಲಸ ಹಿಡಿಯಬೇಕೆಂದು ಕೆಲಸ ಕೊಡುವವರೆಲ್ಲ ಒಟ್ಟಾಗಿ ಕೂತು ತೀರ್ಮಾನಿಸಿದರೆ, ಸ್ಪರ್ಧೆಗೆ ಕಡಿವಾಣ ಹಾಕುವ ಒಳಒಪ್ಪಂದವೆಂದು ಕೋರ್ಟು ಕಾಣುವ ಅಪಾಯವಿದೆ. ಎನ್‌ಸಿಎಎ ಒಮ್ಮೆ ಹೀಗೆ ಕೈಸುಟ್ಟುಕೊಂಡಿದೆ. ಖರ್ಚು ಉಳಿಸಲು 1990ರ ದಶಕದ ಆರಂಭದಲ್ಲಿ ಅದು ಒಂದು ದರ್ಜೆಯ ಸಹಾಯಕ ಕೋಚ್‌ಗಳ ವಾರ್ಷಿಕ ಗಳಿಕೆಗೆ 16,000 ಡಾಲರ್ ಮಿತಿ ಹಾಕಿತ್ತು. ಕೋಚ್‌ಗಳು ಕೋರ್ಟಿಗೆ ಹೋದರು. 1998ರಲ್ಲಿ ಹತ್ತನೇ ಸರ್ಕಿಟ್ ನ್ಯಾಯಾಲಯ ಇದು ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆ ಎಂದಿತು. ಮರುವರ್ಷ 5.45 ಕೋಟಿ ಡಾಲರ್ ತೆತ್ತು ರಾಜಿಯಾಗಬೇಕಾಯಿತು. ಆ ಪೆಟ್ಟು ತಿಂದವರು ರೆಫರಿಗಳ ದುಡಿಮೆಗೆ ಗೆರೆ ಎಳೆಯಲು ಅಳುಕಿದರೆ ಆಶ್ಚರ್ಯವಿಲ್ಲ.

ಬೇಡ ಎನ್ನುವವರ ಮಾತು

ಮಿತಿ ಬೇಡ ಎನ್ನುವವರಲ್ಲಿ ರೆಫರಿಗಳೇ ಮುಂದು, ಅವರ ಮಾತಿನಲ್ಲೂ ಹುರುಳಿದೆ. ಐದು ತಿಂಗಳ ಗಳಿಕೆಯ ಮೇಲೆ ವರ್ಷದ ಸಂಸಾರ ನಿಂತವನಿಗೆ 90 ಪಂದ್ಯವನ್ನು 60ಕ್ಕೆ ಇಳಿಸುವುದೆಂದರೆ ಆದಾಯದ ಮೂರನೇ ಒಂದು ಪಾಲು ಕಿತ್ತುಕೊಂಡಂತೆ. ಕಣ್ಣು ಪಳಗುವುದು ಪಂದ್ಯ ನಡೆಸಿಯೇ ಎಂಬುದೂ ಅವರ ವಾದ. ಕೋಚ್‌ಗಳು ಬಾಯಲ್ಲಿ ಬೈದರೂ ದೊಡ್ಡ ಪಂದ್ಯಕ್ಕೆ ಕೇಳುವುದು ಹಳೆಯ ಮುಖವನ್ನೇ. ಒತ್ತಡಕ್ಕೆ ಬಗ್ಗದ ಹಿರಿಯ, ದಣಿದಿದ್ದರೂ, ಅಳುಕುವ ಹೊಸಬನಿಗಿಂತ ಮೇಲು ಎಂಬ ನಂಬಿಕೆ ಅವರದು.

ಇನ್ನೊಂದು ಆಕ್ಷೇಪ, ಅಷ್ಟು ರೆಫರಿಗಳೆಲ್ಲಿದ್ದಾರೆ ಎಂಬುದು. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಮೊದಲ ದರ್ಜೆಯಲ್ಲಿ ಪುರುಷರ ತಂಡಗಳು 360ರಷ್ಟು. ತಂಡಕ್ಕೆ 30 ಪಂದ್ಯ ಹಿಡಿದರೆ ಒಟ್ಟು ಸುಮಾರು 5,400 ಪಂದ್ಯ. ಪಂದ್ಯಕ್ಕೆ ಮೂವರಂತೆ 16,200 ಹಾಜರಿ. ತಲೆಗೆ 60ರಂತೆ ಹಂಚಿದರೂ 270 ಜನ ಸಾಕು. ಈಗಲೇ ಒಂದು ತುಂಬಿದ ಶನಿವಾರದಂದು ನೂರಕ್ಕೂ ಹೆಚ್ಚು ಪಂದ್ಯಗಳಿರುತ್ತವೆ, 300ಕ್ಕೂ ಹೆಚ್ಚು ರೆಫರಿಗಳು ಅಂಕಣದಲ್ಲಿರುತ್ತಾರೆ. ಎಂದರೆ ತಲೆಗಳ ಕೊರತೆ ಇಲ್ಲ. ಎಲ್ಲರೂ ಬಯಸುವ ಕೆಲವೇ ಹೆಸರುಗಳಿಗೆ ಸೋಮವಾರದಿಂದ ಗುರುವಾರದವರೆಗೆ ಎಲ್ಲ ಒಕ್ಕೂಟಗಳೂ ಮುಗಿಬೀಳುತ್ತವೆ, ಅಷ್ಟೇ. ಸಂಯೋಜಕನಿಗೆ ಟಿ.ವಿ. ಪಂದ್ಯದಲ್ಲಿ ಎಡವಟ್ಟಾಗುವುದು ಬೇಡ. ಹೆಸರಾಂತ ರೆಫರಿಯನ್ನು ಹಾಕಿದ್ದರೆ ತಪ್ಪಾದಾಗಲೂ ಅವನ ತಲೆ ಉಳಿಯುತ್ತದೆ. ಹೊಸಬರು ಹಿಂದಿನ ಸಾಲಿನಲ್ಲೇ ಕೂತಿರುತ್ತಾರೆ.

ಆ ಸಾಲೂ ಸೊರಗುತ್ತಿದೆ. 2018-19ರಿಂದ ಮೂರು ವರ್ಷಗಳಲ್ಲಿ ಹೈಸ್ಕೂಲು ಕ್ರೀಡೆಗಳಿಂದ ಸುಮಾರು 50,000 ರೆಫರಿ-ಅಂಪೈರುಗಳು ದೂರವಾದರೆಂದು ಅಮೆರಿಕದ ಹೈಸ್ಕೂಲು ಕ್ರೀಡಾ ಒಕ್ಕೂಟವೇ ಹೇಳಿತು. ಕೋವಿಡ್ ಒಂದು ಕಾರಣ, ಗ್ಯಾಲರಿಯಲ್ಲಿ ಕೂತ ತಂದೆತಾಯಿಯರ ಬೈಗುಳ ಇನ್ನೊಂದು. ಕಾಲೇಜು ಮಟ್ಟದ ನಾಳಿನ ರೆಫರಿ ಬರಬೇಕಾದದ್ದು ಅಲ್ಲಿಂದಲೇ. ಮೇಲಿನ ಜಾಗಗಳು ಕೆಲವರ ಕೈಯಲ್ಲೇ ಉಳಿದರೆ ಕೆಳಗಿನವನು ಬೈಗುಳ ತಿಂದು ಕಾಯುವುದಾದರೂ ಯಾವ ಆಸೆಗೆ?

ಬೇರೆಯವರು ಏನು ಮಾಡಿದರು?

ವೃತ್ತಿಪರ ಎನ್‌ಬಿಎ ಲೀಗ್‌ನಲ್ಲಿ ರೆಫರಿ ಲೀಗಿನದೇ ಪೂರ್ಣಾವಧಿ ನೌಕರ. ಸಂಘವಿದೆ, ಸಂಬಳವಿದೆ. ಋತುವಿನ 1,230 ಪಂದ್ಯಗಳನ್ನು ಸುಮಾರು 75 ಜನ ಹಂಚಿಕೊಳ್ಳುತ್ತಾರೆ. ತಲೆಗೆ ಸರಾಸರಿ 50ರ ಹತ್ತಿರ. ಅಲ್ಲೂ ತಪ್ಪುಗಳಾಗುತ್ತವೆ, ಅಲ್ಲೂ ಬೈಗುಳವಿದೆ. ಬಾಜಿಕೋರರ ಜೊತೆ ಕೈಜೋಡಿಸಿದ ರೆಫರಿಯೊಬ್ಬನ ಹಗರಣ 2007ರಲ್ಲಿ ಹೊರಬಿದ್ದದ್ದೂ ಅಲ್ಲೇ. ಆದರೆ ಯಾರು ಎಷ್ಟು ದುಡಿಯಬೇಕು ಎಂಬುದಕ್ಕೆ ಉತ್ತರ ಹೇಳುವ ಒಂದು ಕಚೇರಿಯಿದೆ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನಲ್ಲಿ 2023ರ ಸೆಪ್ಟೆಂಬರ್ 30ರಂದು ಲಿವರ್‌ಪೂಲ್‌ನ ಸರಿಯಾದ ಗೋಲೊಂದು ವಿಡಿಯೊ ಕೊಠಡಿಯ ಮಾತಿನ ಗೊಂದಲದಲ್ಲಿ ರದ್ದಾಯಿತು. ಆ ಕೊಠಡಿಯಲ್ಲಿದ್ದವರು ಎರಡು ದಿನ ಹಿಂದಷ್ಟೇ ಯುಎಇಯಲ್ಲಿ ಪಂದ್ಯ ನಡೆಸಿ ಮರಳಿದ್ದರು. ತಪ್ಪಿಗೆ ದಣಿವೇ ಕಾರಣವೆಂದು ಯಾರೂ ಸಾಬೀತು ಮಾಡಲಿಲ್ಲ. ಆದರೂ ದೊಡ್ಡ ಪಂದ್ಯಕ್ಕೆ ಎರಡು ದಿನ ಮೊದಲು ಹೊರದೇಶದ ಹೆಚ್ಚುವರಿ ಕೆಲಸಕ್ಕೆ ಬಿಟ್ಟಿದ್ದೇಕೆ ಎಂಬ ಪ್ರಶ್ನೆಗೆ ರೆಫರಿಗಳ ಸಂಸ್ಥೆ ಉತ್ತರಿಸಬೇಕಾಯಿತು.

ಸಾಬೀತಾಗುವ ತನಕ ಕಾಯಬೇಕೇ? ಅಮೆರಿಕದ ವಿಮಾನಯಾನ ಕಾಯಲಿಲ್ಲ. 2009ರ ಫೆಬ್ರುವರಿಯಲ್ಲಿ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಪೈಲಟ್‌ಗಳು ದಣಿದಿದ್ದಿರಬಹುದು, ಆದರೆ ಅದರ ಪಾಲು ಎಷ್ಟೆಂದು ಖಚಿತವಾಗಿ ಹೇಳಲಾಗದು ಎಂದಿತು ತನಿಖೆ. ಹಾಗಿದ್ದೂ 2014ರಲ್ಲಿ ಹೊಸ ನಿಯಮ ಬಂತು: ಕರ್ತವ್ಯಕ್ಕೆ ಮೊದಲು 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ, ವಾರದಲ್ಲಿ ಒಮ್ಮೆ ಸತತ 30 ಗಂಟೆ ವಿರಾಮ. ವರ್ಷದ ಒಟ್ಟು ಹಾರಾಟಕ್ಕೂ ಮಿತಿಯಿದೆ, ಆದರೆ ಪೈಲಟನನ್ನು ಕಾಯುವುದು ಈ ದಿನದ ಲೆಕ್ಕವೇ. ಬಾಸ್ಕೆಟ್‌ಬಾಲ್‌ನಲ್ಲಿ ಯಾರ ಜೀವವೂ ಹೋಗುವುದಿಲ್ಲ, ನಿಜ. ಆದರೆ 2018ರಲ್ಲಿ ಸುಪ್ರೀಂ ಕೋರ್ಟು ದಾರಿ ತೆರೆದ ಮೇಲೆ ಬಹುತೇಕ ರಾಜ್ಯಗಳಲ್ಲಿ ಕ್ರೀಡಾ ಬಾಜಿ ಕಾನೂನುಬದ್ಧವಾಗಿದೆ. ಒಂದು ಸೀಟಿಯ ಮೇಲೆ ಅಪಾರ ಹಣ ತೂಗುತ್ತಿರುವಾಗ ಆಯಾಸದ ತಪ್ಪನ್ನೂ ಜನ ಅನುಮಾನದಿಂದಲೇ ನೋಡುತ್ತಾರೆ.

ತಯಾರಿಯಿಲ್ಲದೆ ಜಾರಿಗೆ ಬಂದ ಮಿತಿ ಏನು ಮಾಡುತ್ತದೆಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 2025ರ ಡಿಸೆಂಬರ್ ಮೊದಲ ವಾರ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡವರು ಅದನ್ನು ಮರೆತಿರಲಾರರು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ, ರಾತ್ರಿ ಇಳಿಕೆಗಳನ್ನು ಕಡಿತಗೊಳಿಸುವ ನಿಯಮ ನ್ಯಾಯವಾದದ್ದೇ. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಇಂಡಿಗೊ ಹೊಂದಿಸಿಕೊಂಡಿರಲಿಲ್ಲ. ಸಾವಿರಾರು ವಿಮಾನಗಳು ರದ್ದಾದವು, ಸರ್ಕಾರ ತಾನೇ ಮಾಡಿದ ನಿಯಮಕ್ಕೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ವಿಶ್ರಾಂತಿಯ ನಿಯಮ ಬರೆಯುವ ಮೊದಲು ಬದಲಿ ಆಳನ್ನು ಹುಡುಕಿಟ್ಟಿರಬೇಕು.

ಲೆಕ್ಕ ಎಲ್ಲಿ ಹಿಡಿಯಬೇಕು?

ಹೀಗಾಗಿ ಋತುವಿಗೆ ಇಷ್ಟೇ ಪಂದ್ಯ ಎಂಬ ಒಂಟಿ ಅಂಕಿಯಿಂದ ಕೆಲಸವಾಗದು. ತನ್ನ ಊರಿನ ಸುತ್ತಮುತ್ತ ಕಾರಿನಲ್ಲೇ ಹೋಗಿಬಂದು 80 ಪಂದ್ಯ ಮುಗಿಸಿದವನಿಗಿಂತ ಮೂರು ಗಡಿಯಾರಗಳ ನಡುವೆ ಹಾರಿ 60 ನಡೆಸಿದವನು ಹೆಚ್ಚು ದಣಿದಿರುತ್ತಾನೆ. ಎಣಿಸಬೇಕಾದದ್ದು ಸತತ ರಾತ್ರಿಗಳನ್ನು, ಎರಡು ಪಂದ್ಯಗಳ ನಡುವಿನ ದೂರವನ್ನು, ನಿದ್ದೆಗೆ ಸಿಕ್ಕ ಗಂಟೆಗಳನ್ನು. ಮೂರು ರಾತ್ರಿ ಸತತವಾಗಿ ಊದಿದವನಿಗೆ ನಾಲ್ಕನೆಯದು ಬೇಡ. ರಾತ್ರಿ ಹತ್ತರ ಮೇಲೆ ಮುಗಿದ ಪಂದ್ಯದ ಮರುದಿನ ಬೇರೆ ವೇಳಾವಲಯದ ಪಂದ್ಯ ಬೇಡ. ಇಂಥ ಎರಡು ನಿಯಮ ಬಂದರೆ ಋತುವಿನ ಮೊತ್ತ ತಾನಾಗಿ ಇಳಿಯುತ್ತದೆ, ವಾರದ ನಡುವಿನ ಜಾಗಗಳು ಹೊಸಬರಿಗೆ ತೆರೆಯುತ್ತವೆ.

ಚಳಿಗಾಲದ ಮೇಲೆ ಅಧಿಕಾರವಿಲ್ಲದ ಎನ್‌ಸಿಎಎ ಕೈಯಲ್ಲೂ ಒಂದು ಕೀಲಿಯಿದೆ. ಮಾರ್ಚ್ ಟೂರ್ನಿಗೆ ರೆಫರಿಗಳನ್ನು ಆರಿಸುವುದು ಅದೇ, ಅಲ್ಲಿ ಸೀಟಿ ಊದುವುದು ಪ್ರತಿಯೊಬ್ಬ ರೆಫರಿಯ ಕನಸು. ಟೂರ್ನಿಗೆ ಮೊದಲಿನ ಎರಡು ವಾರಗಳಲ್ಲಿ ಇಂತಿಷ್ಟು ದಿನ ವಿಶ್ರಾಂತಿ ಪಡೆದವರನ್ನೇ ಪರಿಗಣಿಸುತ್ತೇವೆ ಎಂದು ತನ್ನದೇ ಟೂರ್ನಿಗೆ ಷರತ್ತು ಹಾಕಿದರೆ, ಬೇರೆಯವರ ವ್ಯವಹಾರಕ್ಕೆ ಕೈಹಾಕಿದಂತಾಗದು.

ಉಳಿದದ್ದು ಹಣ. ಸಿಬಿಎಸ್ ಮತ್ತು ಟರ್ನರ್ ವಾಹಿನಿಗಳ ಜೊತೆ 2016ರಲ್ಲಿ ಆದ ಒಪ್ಪಂದದಂತೆ ಮಾರ್ಚ್ ಟೂರ್ನಿಯ ಪ್ರಸಾರ ಹಕ್ಕಿನ ಎಂಟು ವರ್ಷಗಳ ವಿಸ್ತರಣೆಗೆ 880 ಕೋಟಿ ಡಾಲರ್ ಬೆಲೆ. ವರ್ಷಕ್ಕೆ 110 ಕೋಟಿ, 2032ರವರೆಗೆ. ಅಗ್ರಪಂಕ್ತಿಯ ನೂರು ರೆಫರಿಗಳಿಗೆ ತಲಾ 2 ಲಕ್ಷ ಡಾಲರ್ ವಾರ್ಷಿಕ ಸಂಬಳ ಕೊಟ್ಟರೂ 2 ಕೋಟಿ ಡಾಲರ್. ಆ ಒಂದು ಟೂರ್ನಿಯ ವರ್ಷದ ಆದಾಯದಲ್ಲಿ ನೂರಕ್ಕೆ ಎರಡೂ ಆಗದು. ಒಕ್ಕೂಟಗಳು ಈಗ ಹೇಗೂ ಕೊಡುತ್ತಿರುವ ಪಂದ್ಯದ ದರವನ್ನು ಇದಕ್ಕೆ ಸೇರಿಸಿದರೆ ಹೊರೆ ಇನ್ನೂ ಹಗುರ. ನೌಕರನಾದವನಿಗೆ ವಿಶ್ರಾಂತಿಯ ದಿನವನ್ನು ಯಜಮಾನ ಗೊತ್ತುಮಾಡಿದರೆ ಒಳಒಪ್ಪಂದದ ಪ್ರಶ್ನೆಯ ಮೊನೆಯೂ ಮೊಂಡಾಗುತ್ತದೆ, ಏಕೆಂದರೆ ಆಗ ಅದು ಒಂದೇ ಕಚೇರಿಯ ಕೆಲಸದ ಪಾಳಿ.

ಇದಕ್ಕೆ ಒಕ್ಕೂಟಗಳು ಸುಲಭವಾಗಿ ಒಪ್ಪಲಾರವು. ರೆಫರಿಯನ್ನು ಪಂದ್ಯದ ಲೆಕ್ಕದಲ್ಲಿ ಕರೆಸಿ, ಇಷ್ಟವಾಗದಿದ್ದರೆ ಮುಂದಿನ ಸಲ ಕರೆಯದೆ ಬಿಡುವ ಅನುಕೂಲವನ್ನು ಯಾರು ತಾನೇ ಕಳೆದುಕೊಳ್ಳುತ್ತಾರೆ? ಆದರೆ ಆ ಅನುಕೂಲ ಬೇಕೆನ್ನುವವರು ಫೆಬ್ರುವರಿಯ ಕೊನೆಯ ನಿಮಿಷದ ಕೆಟ್ಟ ತೀರ್ಪಿಗೆ ರೆಫರಿಯೊಬ್ಬನನ್ನೇ ಹೊಣೆ ಮಾಡುವುದನ್ನು ಬಿಡಬೇಕು. ನಾಲ್ಕನೇ ರಾತ್ರಿಗೆ ಅವನನ್ನು ಕರೆಸಿದವರು ತಾವೇ.